ಒಂದು ಜಾಗ, ಇಬ್ಬರು ಬ್ರೋಕರ್‌ಗಳು: ಮಂಗಳೂರಿನ ಒಂದು ಮಧ್ಯವರ್ತಿ ಸೇವೆಯ ವಿಮರ್ಶೆ

ಮಂಗಳೂರಿನಲ್ಲಿ ಜಾಗ ಮಾರಲು ಹೊರಟವರಿಗೆ ಬ್ರೋಕರ್ ಸಿಗುವುದು ಕಷ್ಟದ ಕೆಲಸವಲ್ಲ. ಪರಿಚಯದ ಒಬ್ಬರ ಕಿವಿಗೆ ಹಾಕಿದರೆ ಸಾಕು, ಸಂಜೆಯೊಳಗೆ ಗುರುತಿಲ್ಲದ ಸಂಖ್ಯೆಗಳಿಂದ ಕರೆಗಳು ಶುರುವಾಗುತ್ತವೆ. ಹಾಗೆ ಕರೆ ಮಾಡಿದವರಲ್ಲಿ ಯಾರು ನಮ್ಮ ಪರ, ಯಾರು ಕೊಳ್ಳುವವರ ಪರ, ಕೊಳ್ಳುವವರ ಮುಖವನ್ನೇ ನೋಡದೆ ನಡುವೆ ನಿಂತವರು ಯಾರು ಎಂದು ಬಿಡಿಸಿ ನೋಡುವುದು ಮಾತ್ರ ಸುಲಭವಲ್ಲ. ನೀರುಮಾರ್ಗದ ಕಡೆಯ ನಮ್ಮ ಕುಟುಂಬದ ಮನೆ-ತೋಟವನ್ನು ಮಾರಿ, ಅಮ್ಮನಿಗೆ ಬಿಜೈ ಆಸುಪಾಸಿನಲ್ಲಿ ಒಂದು ಫ್ಲ್ಯಾಟ್ ಮಾಡಿಕೊಡುವ ಉದ್ದೇಶದಿಂದ ನಾವು ಬೆಂದೂರ್‌ವೆಲ್ ಬಳಿಯ ಒಂದು ಸಣ್ಣ ಮಧ್ಯವರ್ತಿ ಕಚೇರಿಯ ಸೇವೆ ಪಡೆದೆವು. ಇದು ಆ ಸೇವೆಯ ವಿಮರ್ಶೆ. ಮೆಚ್ಚುಗೆಯ ಜತೆಗೆ ದೂರೂ ಇರುವುದರಿಂದ ಕಚೇರಿಯ ಹೆಸರನ್ನು ಬರೆಯುತ್ತಿಲ್ಲ. ಅವರು ಕೆಲಸ ಮಾಡುವ ರೀತಿಯನ್ನು ಬರೆದರೆ ಊರಿನ ಬೇರೆ ಕಚೇರಿಗಳಿಗೆ ಹೋಗುವವರಿಗೂ ಉಪಯೋಗವಾದೀತು.

ಮೊದಲು ಮೆಚ್ಚುಗೆಯ ವಿಷಯ. ಈ ಕಚೇರಿಯವರು ಜಾಗ ನೋಡುವುದಕ್ಕೂ ಮೊದಲೇ ಒಂದು ಕರಾರು ಪತ್ರ ಮುಂದಿಟ್ಟರು. ಅದರಲ್ಲಿ ತಮ್ಮ ಕಮಿಷನ್ ಮಾರಾಟದ ಮೊತ್ತದ ಶೇ 1.5, ಅದರ ಮೇಲೆ ಶೇ 18 ಜಿಎಸ್‌ಟಿ, ನಾವು ಒಪ್ಪಿದ ದರಕ್ಕಿಂತ ಹೆಚ್ಚಿಗೆ ಬಂದ ಪ್ರತಿ ರೂಪಾಯಿಯೂ ಮಾರುವವರಿಗೇ ಸೇರತಕ್ಕದ್ದು ಎಂದು ಬರೆದಿತ್ತು. ಹೊರಗಿನವರಿಗೆ ಇದು ಸಾಮಾನ್ಯ ಸಂಗತಿಯಂತೆ ಕಂಡೀತು. ಆದರೆ ನಮ್ಮ ಕಡೆ ಹೆಚ್ಚಿನ ವ್ಯವಹಾರಗಳು ಬಾಯಿಮಾತಿನ ಮೇಲೆಯೇ ನಡೆಯುತ್ತವೆ. ಅವುಗಳಲ್ಲಿ ಬಹುಪಾಲು ‘ನೆಟ್ ರೇಟ್’ ಲೆಕ್ಕದ್ದು: ಜಾಗದವರು ಸೆಂಟ್ಸ್‌ಗೆ (ಎಕರೆಯ ನೂರನೇ ಒಂದು ಭಾಗಕ್ಕೆ) ತಮಗೆ ಕೈಗೆ ಇಷ್ಟು ಬರಬೇಕು ಎಂದು ಹೇಳುತ್ತಾರೆ, ಅದರ ಮೇಲೆ ಬಂದದ್ದೆಲ್ಲ ಬ್ರೋಕರ್‌ಗೆ. ಹೇಳುವಾಗ ಇದು ಬಹಳ ಸರಳವಾಗಿ ಕೇಳಿಸುತ್ತದೆ. ಕಮಿಷನ್ ಉಳಿಯಿತು ಎಂದು ಮಾರುವವರಿಗೆ ಸಮಾಧಾನವೂ ಆಗುತ್ತದೆ. ಆದರೆ ಆ ಕ್ಷಣದಿಂದ ಬ್ರೋಕರ್ ನಮ್ಮ ಪರವಾಗಿ ಮಾರುವವನಾಗಿ ಉಳಿಯುವುದಿಲ್ಲ. ನಮ್ಮಿಂದ ಕಡಿಮೆಗೆ ಎತ್ತಿ ಇನ್ನೊಬ್ಬರಿಗೆ ಹೆಚ್ಚಿಗೆ ಕೊಡುವ ವ್ಯಾಪಾರಿಯಾಗಿಬಿಡುತ್ತಾನೆ, ನಾವು ದರ ಇಳಿಸಿದಷ್ಟೂ ಅವನಿಗೆ ಲಾಭ.

ಮಧ್ಯವರ್ತಿಯೇ ಗುಟ್ಟಾಗಿ ಖರೀದಿದಾರನಾಗುವುದಕ್ಕೆ ನಮ್ಮ ದೇಶದ ಕಾನೂನಿನಲ್ಲಿ ಹಳೆಯ ಉತ್ತರ ಉಂಟು. 1872ರ ಭಾರತೀಯ ಕರಾರು ಕಾಯ್ದೆಯ 215ನೇ ಕಲಂ, ಏಜೆಂಟ್ ತನ್ನ ಯಜಮಾನನ ವ್ಯವಹಾರದಲ್ಲಿ ಒಪ್ಪಿಗೆಯಿಲ್ಲದೆ ಸ್ವಂತ ಲೆಕ್ಕಕ್ಕೆ ಇಳಿದಿದ್ದು, ಮುಖ್ಯವಾದ ಸಂಗತಿಯೊಂದನ್ನು ಅಪ್ರಾಮಾಣಿಕವಾಗಿ ಮುಚ್ಚಿಟ್ಟಿದ್ದರೆ ಅಥವಾ ಅದರಿಂದ ಯಜಮಾನನಿಗೆ ನಷ್ಟವಾಗಿದ್ದರೆ ಆ ವ್ಯವಹಾರವನ್ನು ತಿರಸ್ಕರಿಸುವ ಹಕ್ಕನ್ನು ಯಜಮಾನನಿಗೆ ಕೊಡುತ್ತದೆ. ಅದಕ್ಕೆ ಕಾಯ್ದೆಯೇ ಕೊಟ್ಟಿರುವ ದೃಷ್ಟಾಂತ ಜಾಗದ್ದು: ಒಬ್ಬನು ತನ್ನ ಭೂಮಿಯನ್ನು ಮಾರಿಕೊಡಲು ಏಜೆಂಟನಿಗೆ ಹೇಳುತ್ತಾನೆ, ಏಜೆಂಟನು ಮೂರನೆಯವನ ಹೆಸರಿನಲ್ಲಿ ತಾನೇ ಅದನ್ನು ಕೊಂಡುಕೊಳ್ಳುತ್ತಾನೆ. ಅದರ ಮುಂದಿನ ಕಲಂನ ದೃಷ್ಟಾಂತ ಇನ್ನೂ ಚೆನ್ನಾಗಿದೆ. ಮನೆ ಕೊಡಿಸಲು ಒಪ್ಪಿಕೊಂಡ ಏಜೆಂಟನು ‘ಆ ಮನೆ ಸಿಗುವುದಿಲ್ಲ’ ಎಂದು ಹೇಳಿ ತಾನೇ ಕೊಂಡರೆ, ಅವನು ಕೊಟ್ಟ ಬೆಲೆಗೇ ಅದನ್ನು ತನಗೆ ಮಾರುವಂತೆ ಯಜಮಾನನು ಒತ್ತಾಯಿಸಬಹುದು. ನೂರೈವತ್ತು ವರ್ಷ ಕಳೆದರೂ ಈ ಎರಡು ಕತೆಗಳು ಕಂಕನಾಡಿಯಲ್ಲಿ ಇವತ್ತು ನಡೆಯುತ್ತಿರುವಂತೆಯೇ ಓದಿಸಿಕೊಳ್ಳುತ್ತವೆ.

ಇನ್ನು ಬ್ರೋಕರ್‌ಗಳ ನಡುವಿನ ಸಹಕಾರದ ವಿಷಯ. ನಾವು ಈ ಕಚೇರಿಗೆ ಹೋಗುವ ಮೊದಲು ನಮ್ಮ ತೋಟದ ಸುದ್ದಿ ಹೇಗೋ ಹೊರಗೆ ಬಿದ್ದು, ಮುರಕಲ್ಲಿನ ಬಾವಿಕಟ್ಟೆಯ ಅದೇ ಫೋಟೋ ಬೇರೆ ಬೇರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸೆಂಟ್ಸ್‌ಗೆ ಮೂರು ದರಗಳೊಂದಿಗೆ ಓಡಾಡುತ್ತಿತ್ತು. ಕೈಯಿಂದ ಕೈಗೆ ದಾಟಿದಂತೆಲ್ಲ ಪ್ರತಿಯೊಬ್ಬ ಬ್ರೋಕರ್ ತನ್ನ ಪಾಲನ್ನು ದರದ ಮೇಲೆ ಸೇರಿಸುತ್ತಾ ಹೋದದ್ದೇ ಇದಕ್ಕೆ ಕಾರಣ. ಒಂದೇ ಜಾಗಕ್ಕೆ ಮೂರು ದರ ಕಂಡ ಖರೀದಿದಾರನಿಗೆ ಮೊದಲು ಹುಟ್ಟುವುದು ದಾಖಲೆಗಳ ಮೇಲಿನ ಸಂಶಯ. ಇದನ್ನು ‘ನಾವೆಲ್ಲ ಒಟ್ಟಿಗೆ ಮಾಡುವುದು’ ಎಂದು ಹೇಳಿಕೊಳ್ಳುವುದುಂಟು. ಕಚೇರಿಯ ಮುಖ್ಯಸ್ಥರು ಮೊದಲು ಮಾಡಿದ ಕೆಲಸ ಆ ಗುಂಪುಗಳಿಗೆಲ್ಲ ಒಂದೇ ಒಕ್ಕಣೆಯ ಸಂದೇಶ ಕಳುಹಿಸಿದ್ದು: ಜಾಗದ ದರ ಇಷ್ಟು, ಮಾರುವವರ ಕಡೆಯಿಂದ ನಾವು, ಪಾರ್ಟಿ ತರುವ ಬ್ರೋಕರ್ ತಮ್ಮ ಕಮಿಷನ್ನನ್ನು ತಮ್ಮ ಪಾರ್ಟಿಯಿಂದ ಪಡೆಯತಕ್ಕದ್ದು, ದರದ ಮೇಲೆ ಯಾರೂ ಏನನ್ನೂ ಸೇರಿಸಬಾರದು. ಎರಡು ವಾರಗಳೊಳಗೆ ದರ ಒಂದೇ ಆಯಿತು. ಬೇರೆ ಬ್ರೋಕರ್‌ಗಳೂ ಮುನಿಸಿಕೊಳ್ಳಲಿಲ್ಲ. ತಮ್ಮ ಪಾಲು ಎಲ್ಲಿಂದ ಬರುತ್ತದೆಂದು ಸ್ಪಷ್ಟವಾದ ಮೇಲೆ ಅವರಿಗೂ ಪಾರ್ಟಿಯನ್ನು ಧೈರ್ಯವಾಗಿ ಕರೆತರುವುದು ಸುಲಭವಾಯಿತು.

ಅಮೆರಿಕದ ರಿಯಾಲ್ಟರ್‌ಗಳ (ಮನೆ-ಜಾಗದ ಬ್ರೋಕರ್‌ಗಳ) ರಾಷ್ಟ್ರೀಯ ಸಂಘ 1913ರಲ್ಲಿ ಒಪ್ಪಿಕೊಂಡು, ಅಂದಿನಿಂದ ತಿದ್ದುತ್ತಾ ಬಂದಿರುವ ನೀತಿಸಂಹಿತೆಯಲ್ಲಿ ಇದಕ್ಕೆ ಹತ್ತಿರವಾದ ಒಂದು ವಿಧಿಯಿದೆ. ಗ್ರಾಹಕನ ಹಿತಕ್ಕೆ ವಿರುದ್ಧವಾಗದ ಮಟ್ಟಿಗೆ ಇತರ ಬ್ರೋಕರ್‌ಗಳೊಡನೆ ಸಹಕರಿಸಬೇಕು, ಆದರೆ ಸಹಕರಿಸುವ ಕರ್ತವ್ಯದೊಳಗೆ ಕಮಿಷನ್ ಹಂಚಿಕೊಳ್ಳುವ ಕರ್ತವ್ಯ ಸೇರಿಲ್ಲ ಎಂಬುದು ಅದರ ಸಾರ. ವಿಧಿ ಹಾಗಿದ್ದರೂ ಅಲ್ಲಿ ದಶಕಗಳ ಕಾಲ ರೂಢಿಯಲ್ಲಿದ್ದುದು ಮಾರುವವರ ಹಣದಿಂದಲೇ ಎರಡೂ ಕಡೆಯ ಬ್ರೋಕರ್‌ಗಳಿಗೆ ಪಾಲು ಹೋಗುವ ಪದ್ಧತಿ. ಅದರ ವಿರುದ್ಧ ಮನೆ ಮಾರಿದವರು ಹೂಡಿದ ದಾವೆಗಳಲ್ಲಿ ಸಂಘವು 2024ರ ಮಾರ್ಚ್‌ನಲ್ಲಿ 41.8 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು, ಆ ವರ್ಷದ ಆಗಸ್ಟ್‌ನಿಂದ ಕೊಳ್ಳುವವರ ಬ್ರೋಕರ್ ಮನೆ ತೋರಿಸುವ ಮೊದಲೇ ತನ್ನ ಶುಲ್ಕವನ್ನು ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಬೇಕೆಂಬ ನಿಯಮ ಬಂತು. ಅಷ್ಟು ದೊಡ್ಡ ವ್ಯವಸ್ಥೆ ನ್ಯಾಯಾಲಯದ ಒತ್ತಡಕ್ಕೆ ಸಿಕ್ಕಿ ಒಪ್ಪಿಕೊಂಡ ಕ್ರಮವನ್ನು ಬೆಂದೂರ್‌ವೆಲ್‌ನ ಎರಡು ಮೇಜಿನ ಕಚೇರಿ ಒಂದು ವಾಟ್ಸ್‌ಆ್ಯಪ್ ಸಂದೇಶದಲ್ಲಿ ಜಾರಿಗೆ ತಂದದ್ದು ನನಗೆ ನಿಜವಾಗಿಯೂ ಇಷ್ಟವಾಯಿತು.

ನಮ್ಮ ಜಾಗದ ಹಿಂಬದಿಯ ಅಂಚಿನ ವಿಚಾರದಲ್ಲಿ ಈ ಕಚೇರಿಯ ಪ್ರಾಮಾಣಿಕತೆ ಹತ್ತಿರದಿಂದ ಕಾಣಲು ಸಿಕ್ಕಿತು. ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ನಮ್ಮ ಹೆಸರಿನಲ್ಲಿರುವುದು 42 ಸೆಂಟ್ಸ್. ಅದರ ಹಿಂದಿನ ಇಳಿಜಾರಿನಲ್ಲಿ ಅಜ್ಜನ ಕಾಲದಿಂದ ನಮ್ಮವರೇ ತೆಂಗು ಹಾಕಿ, ಸೊಪ್ಪು ಕಡಿದು ಅನುಭವಿಸಿಕೊಂಡು ಬಂದ ಹದಿನೆಂಟು ಸೆಂಟ್ಸ್‌ನಷ್ಟು ಜಾಗ ಕುಮ್ಕಿ. ಕುಮ್ಕಿ ಎಂದರೆ ವರ್ಗ ಜಾಗಕ್ಕೆ, ಅಂದರೆ ಸ್ವಂತ ಪಟ್ಟಾ ಜಾಗಕ್ಕೆ ತಾಗಿ ನೂರು ಗಜದೊಳಗಿರುವ ಸರಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ, ಮೇವಿಗೆ ವರ್ಗದಾರನಿಗೆ ಇರುವ ಸೌಲಭ್ಯ, ಒಡೆತನ ಸರಕಾರದ್ದೇ. ಮುಖ್ಯಸ್ಥರು ಹಳೆಯ ನಕ್ಷೆ ಮತ್ತು ಟೇಪು ಹಿಡಿದು ಬಂದು, ಕಾಡುಬಳ್ಳಿಯೊಳಗೆ ಮುಚ್ಚಿಹೋಗಿದ್ದ ಗಡಿಕಲ್ಲನ್ನು ಕತ್ತಿಯಿಂದ ಬಿಡಿಸಿ ತೋರಿಸಿ, ನಕ್ಷೆಯ ಆ ಭಾಗದ ಮೇಲೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ‘ಮಾರಾಟಕ್ಕಿಲ್ಲ’ ಎಂದು ಬರೆದರು. ಖರೀದಿದಾರರ ಕಡೆಯ ಬ್ರೋಕರ್ ಸ್ಥಳಕ್ಕೆ ಬಂದಾಗ, “ಒಟ್ಟು ಅರವತ್ತು ಸೆಂಟ್ಸ್ ಅಂತಲೇ ಹೇಳುವ ಸರ್, ಇಲ್ಲಿ ಎಲ್ಲರೂ ಹಾಗೇ ಮಾರುವುದಲ್ವಾ” ಎಂದರು. ಅದಕ್ಕೆ ಇವರು, “ನಿಮ್ಮ ಪಾರ್ಟಿ ನಾಳೆ ಬ್ಯಾಂಕಿಗೆ ಹೋದಾಗ ಅಲ್ಲಿಯ ವಕೀಲರು ನಲವತ್ತೆರಡು ಅಂತಾರೆ, ಆಗ ಬೈಸಿಕೊಳ್ಳುವುದು ನೀವೇ ಮಾರಾಯ್ರೆ” ಎಂದು ನಕ್ಕುಬಿಟ್ಟರು. ದರ 42 ಸೆಂಟ್ಸ್‌ಗೇ ನಿಂತಿತು. ಆ ಹೊತ್ತಿಗೆ ಇದರಿಂದ ನಮಗೆ ಬರುವ ಹಣ ಕಡಿಮೆಯಾಯಿತು ಎಂದು ತಮ್ಮನಿಗೆ ಬೇಸರವಾದದ್ದು ಹೌದು. ಆದರೆ ತನ್ನ ಗ್ರಾಹಕನ ಹಿತ ಕಾಯುವುದು ಎಂದರೆ ಎದುರಿನ ಗ್ರಾಹಕನಿಗೆ ಸುಳ್ಳು ಹೇಳುವುದಲ್ಲ ಎಂಬ ವಿಷಯದಲ್ಲಿ ನಾನು ಕಚೇರಿಯ ಪರವಾಗಿದ್ದೇನೆ. ನೋಂದಣಿಯಾಗಿ ವರ್ಷವಾದ ಮೇಲೆ ಬರುವ ವಕೀಲರ ನೋಟಿಸು ಯಾವ ಮಾರಾಟಗಾರನ ಹಿತವನ್ನೂ ಕಾಯುವುದಿಲ್ಲ.

ಅದೇ ಎದುರಿನ ಬ್ರೋಕರ್ ಕೆಲವು ದಿನಗಳ ಬಳಿಕ ನನಗೆ ನೇರವಾಗಿ ಕರೆ ಮಾಡಿ, ಬೆಂದೂರ್‌ವೆಲ್‌ನವರನ್ನು ಬಿಟ್ಟು ಮುಗಿಸಿದರೆ ಅರ್ಧ ಕಮಿಷನ್ ಸಾಕು ಎಂದು ಹೇಳಿದರು. ಇಂಥ ಕರೆಗಳು ಬರುತ್ತವೆ ಎಂದು ತಿಳಿದಿರುವುದು ಒಳ್ಳೆಯದು. ಬ್ರೋಕರ್‌ಗಳು ಒಬ್ಬರ ಗ್ರಾಹಕರನ್ನು ಇನ್ನೊಬ್ಬರು ಎಳೆಯುತ್ತಾರೆ ಎಂದು ದೂರುವ ನಾವು, ದಾಖಲೆ ಹೊಂದಿಸಲು, ಗಡಿಕಲ್ಲು ಹುಡುಕಲು ಒಬ್ಬರನ್ನು ದುಡಿಸಿಕೊಂಡು ಕೊನೆಯ ಗಳಿಗೆಯಲ್ಲಿ ಅಗ್ಗದವರ ಕಡೆ ಜಾರುವ ಚಾಳಿಯಲ್ಲಿ ಏನೂ ಹಿಂದೆ ಬಿದ್ದಿಲ್ಲ. ನಾನು ಆ ಕರೆಯ ವಿಷಯವನ್ನು ಕಚೇರಿಗೆ ತಿಳಿಸಿದೆ. ಮುಖ್ಯಸ್ಥರು ಆ ಬ್ರೋಕರ್ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡದೆ, ಇನ್ನು ಮುಂದಿನ ಮಾತುಕತೆ ಮೂವರೂ ಇರುವ ಗುಂಪಿನಲ್ಲೇ ನಡೆಯಲಿ ಎಂದಷ್ಟೇ ಹೇಳಿದರು.

ಈಗ ದೂರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಷ್ಟೆಲ್ಲ ಚೆನ್ನಾಗಿ ನಡೆದ ಮೇಲೂ ಈ ಕಚೇರಿ ಎಡವಿದ್ದು ಎಲ್ಲಕ್ಕಿಂತ ಮುಖ್ಯವಾದ ಜಾಗದಲ್ಲಿ. ಎದುರಿನ ಬ್ರೋಕರ್ ತನ್ನ ಪಾರ್ಟಿಯ ಲಿಖಿತ ಆಫರ್ ಅನ್ನು ಕಚೇರಿಗೆ ಕಳುಹಿಸಿದ ಬಳಿಕ ಸುಮಾರು ಒಂದು ವಾರ ಅದು ನಮಗೆ ತಲುಪಲೇ ಇಲ್ಲ. ಆ ವಾರದಲ್ಲಿ ಕಚೇರಿಯ ಹುಡುಗನೊಬ್ಬ ತಾನೇ ಹುಡುಕಿದ ಇನ್ನೊಂದು ಪಾರ್ಟಿಯನ್ನು ಅವಸರವಾಗಿ ಎರಡು ಸಲ ಜಾಗಕ್ಕೆ ಕರೆದುಕೊಂಡು ಬಂದಿದ್ದ. ಇದರ ಹಿಂದಿನ ಲೆಕ್ಕ ಸುಲಭ. ಹೊರಗಿನ ಬ್ರೋಕರ್ ತಂದ ಪಾರ್ಟಿಯಾದರೆ ಕೋಟಿ ರೂಪಾಯಿಯ ವ್ಯವಹಾರದಲ್ಲಿ ಕಚೇರಿಗೆ ಸಿಗುವುದು ನಮ್ಮ ಕಡೆಯ ಒಂದೂವರೆ ಲಕ್ಷ ಮಾತ್ರ. ತಮ್ಮದೇ ಪಾರ್ಟಿಯಾದರೆ ಆ ಕಡೆಯಿಂದ ಶೇ 1 ಸೇರಿ ಎರಡೂವರೆ ಲಕ್ಷ. ಒಂದು ಆಫರ್ ಅನ್ನು ಮೇಜಿನೊಳಗೆ ಇಟ್ಟುಕೊಳ್ಳುವುದರ ಬೆಲೆ ಹೀಗೆ ಒಂದು ಲಕ್ಷವಾಗುತ್ತದೆ. ಅದು ನಮ್ಮ ಗಮನಕ್ಕೆ ಬಂದದ್ದೂ ಕಚೇರಿಯಿಂದಲ್ಲ, ಎದುರಿನ ಬ್ರೋಕರ್ ‘ನಿಮ್ಮಿಂದ ಉತ್ತರವೇ ಇಲ್ಲ’ ಎಂದು ಮೂವರ ಗುಂಪಿನಲ್ಲಿ ಹಾಕಿದ ಒಂದು ಸಾಲಿನಿಂದ.

ಕೇಳಿದಾಗ ಸಿಕ್ಕ ಮೊದಲ ಉತ್ತರ ಮುಖ್ಯಸ್ಥರು ಊರಲ್ಲಿರಲಿಲ್ಲ ಎಂಬುದು. ಎರಡನೆಯ ಉತ್ತರ, ಸ್ವಲ್ಪ ಕಾದರೆ ಹೆಚ್ಚಿನ ದರ ಬರಬಹುದೆಂದು ನಮ್ಮ ಒಳ್ಳೆಯದಕ್ಕೇ ಕಾಯ್ದೆವು ಎಂಬುದು. ಎರಡನೆಯದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಕಾಯುವುದು ಕೆಲವೊಮ್ಮೆ ಲಾಭದಾಯಕವೇ. ಆದರೆ ಕಾಯಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕು ಜಾಗದವರದ್ದು, ಅದರಲ್ಲೂ ಕಾಯುವುದರಿಂದ ಬ್ರೋಕರ್‌ಗೇ ಹೆಚ್ಚು ಸಿಗುವ ಸಂದರ್ಭದಲ್ಲಿ ಅವರ ತೀರ್ಮಾನಕ್ಕೆ ಬೆಲೆಯೇ ಇಲ್ಲ. ಬೇರೆ ಬ್ರೋಕರ್‌ನೊಂದಿಗೆ ಸಹಕರಿಸುತ್ತೇವೆ ಎಂದು ಹೇಳಿ ಅವನ ಆಫರ್ ಅನ್ನು ತಡೆಹಿಡಿದರೆ ಆ ಸಹಕಾರದಿಂದ ಗ್ರಾಹಕನಿಗೆ ಏನು ಬಂತು? ಮುಖ್ಯಸ್ಥರು ಕೊನೆಗೆ ವಾದಕ್ಕೆ ನಿಲ್ಲದೆ ಕರಾರಿಗೆ ಎರಡು ಸಾಲು ಸೇರಿಸಲು ಒಪ್ಪಿದರು: ಬಂದ ಪ್ರತಿಯೊಂದು ಆಫರ್ ಮರುದಿನದೊಳಗೆ ಬರವಣಿಗೆಯಲ್ಲಿ ನಮಗೆ ತಲುಪಬೇಕು, ತಮ್ಮದೇ ಪಾರ್ಟಿಗೆ ಮಾರಾಟವಾದರೆ ಎರಡೂ ಕಡೆಯಿಂದ ಪಡೆಯುವ ಮೊತ್ತವನ್ನು ಎರಡೂ ಕಡೆಯವರಿಗೆ ತಿಳಿಸಬೇಕು. ಈ ಎರಡು ಸಾಲುಗಳು ಅವರ ಅಚ್ಚಾದ ಕರಾರಿನಲ್ಲಿ ಮೊದಲೇ ಇರಬೇಕಿತ್ತು. ಯಾವುದೇ ಕಚೇರಿಗೆ ಹೋಗುವವರು ಸಹಿ ಹಾಕುವ ಮೊದಲೇ ಇವನ್ನು ಬರೆಸಿಕೊಳ್ಳುವುದು ಮೇಲು. ಅಂದಹಾಗೆ ಜಾಗ ಹೋದದ್ದು ಹೊರಗಿನ ಬ್ರೋಕರ್‌ನ ಪಾರ್ಟಿಗೇ.

ದಾಖಲೆಗಳ ಕೆಲಸ ಚೊಕ್ಕಟವಾಗಿತ್ತು. ದುಬಾಯಿಯಲ್ಲಿರುವ ಅಣ್ಣನ ಪಾಲಿಗೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ತರಿಸಬೇಕು, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು ಎಂದು ಆರಂಭದಲ್ಲೇ ಎಚ್ಚರಿಸಿದರು. 50 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಮಾರಾಟದಲ್ಲಿ ಖರೀದಿದಾರರು ಶೇ 1 ತೆರಿಗೆ ಹಿಡಿಯುವ ನಿಯಮ ಅನಿವಾಸಿ ಮಾರಾಟಗಾರರಿಗೆ ಅನ್ವಯಿಸುವುದಿಲ್ಲ, ಅವರ ಪಾಲಿನ ಲೆಕ್ಕವೇ ಬೇರೆ, ಅದನ್ನು ಲೆಕ್ಕ ಪರಿಶೋಧಕರಿಂದಲೇ ಕೇಳಿಕೊಳ್ಳಿ ಎಂದು ಹೇಳಿ ತಮಗೆ ತಿಳಿಯದ ಕಡೆ ಕೈಹಾಕದೆ ಇದ್ದದ್ದೂ ಸರಿಯೇ. ಮನೆಮನೆಯಲ್ಲೂ ಒಬ್ಬರು ಕೊಲ್ಲಿಯಲ್ಲಿರುವ ಈ ಜಿಲ್ಲೆಯಲ್ಲಿ ಇದು ಗೊತ್ತಿಲ್ಲದ ಬ್ರೋಕರ್‌ನಿಂದ ನೋಂದಣಿಯ ದಿನ ಕಚೇರಿಯ ಬಾಗಿಲಲ್ಲಿ ಜಗಳವಾಗುತ್ತದೆ. ನಮ್ಮ ಇ.ಸಿ. (ಋಣಭಾರ ಪ್ರಮಾಣಪತ್ರ) ಮತ್ತು ಹಳೆಯ ಕ್ರಯಪತ್ರಗಳ ಪ್ರತಿಗಳನ್ನು ಎದುರಿನ ಬ್ರೋಕರ್‌ಗೆ ಕೊಡುವ ಮೊದಲು ನಮ್ಮ ಒಪ್ಪಿಗೆ ಕೇಳಿ, ಆಧಾರ್ ಸಂಖ್ಯೆಯನ್ನು ಮರೆಮಾಡಿ ಕೊಟ್ಟರು.

ಫ್ಲ್ಯಾಟ್ ಹುಡುಕುವ ಭಾಗಕ್ಕೆ ಬಂದರೆ ಇದೇ ಕಚೇರಿ ಇನ್ನೊಂದು ಕಚೇರಿಯಂತೆ ಕಾಣುತ್ತದೆ. ಅವರ ಬಳಿ ಇದ್ದದ್ದು ತಮಗೆ ಹೊಂದಾಣಿಕೆಯಿರುವ ಕೆಲವೇ ಬಿಲ್ಡರ್‌ಗಳ ಕಟ್ಟಡಗಳು, ಕಮಿಷನ್ ಕೊಡುವವರು ಬಿಲ್ಡರ್‌ಗಳು. ಮುಖ್ಯಸ್ಥರು ಅದನ್ನು ಮುಚ್ಚಿಡಲಿಲ್ಲ: “ಇಲ್ಲಿ ನಮಗೆ ದುಡ್ಡು ಕೊಡುವುದು ಬಿಲ್ಡರ್, ಹಾಗಾಗಿ ರೇಟಿನ ವಿಷಯದಲ್ಲಿ ನನ್ನ ಮಾತನ್ನು ಸ್ವಲ್ಪ ಕಡಿಮೆಯೇ ನಂಬಿ.” ಈ ನೇರ ಮಾತಿಗೆ ಗೌರವವಿದೆ. ಆದರೆ ಅಮ್ಮನಿಗೆ ಬೇಕಾದದ್ದು ನೆಲಮಾಳಿಗೆಗೆ ನೀರು ನುಗ್ಗದ, ಲಿಫ್ಟಿಗೆ ಜನರೇಟರ್ ಇರುವ, ಮಾರುಕಟ್ಟೆಗೆ ನಡೆದು ಹೋಗಬಹುದಾದ ಕಟ್ಟಡ. ಅಂಥದ್ದು ಬೇರೆಯವರ ಬಳಿ ಉಂಟೇ ಎಂದು ಕೇಳಿದರೆ, ಜಾಗ ಮಾರುವಾಗ ಊರಿನ ಎಲ್ಲ ಬ್ರೋಕರ್‌ಗಳಿಗೆ ಬಾಗಿಲು ತೆರೆದಿದ್ದ ಕಚೇರಿ ಇಲ್ಲಿ ಒಂದು ಫೋನನ್ನೂ ಮಾಡಲಿಲ್ಲ. ಕಮಿಷನ್ ಯಾರ ಕೈಯಿಂದ ಬರುತ್ತದೋ ಸಹಕಾರವೂ ಅಲ್ಲಿಯವರೆಗೇ ಎಂಬುದು ಇಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಲಿಲ್ಲ. ಕೊಳ್ಳುವವರಿಂದಲೇ ಶುಲ್ಕ ಪಡೆದು ಅವರಿಗಾಗಿ ಊರೆಲ್ಲ ಹುಡುಕುವ ಸೇವೆಯೊಂದನ್ನು ಇವರು ಶುರುಮಾಡಿದರೆ ನಾನು ಕೊಡಲು ತಯಾರಿದ್ದೆ.

ಹೊಸ ಕಟ್ಟಡಗಳ ವಿಷಯದಲ್ಲಿ ಕಾನೂನಿನ ಆಸರೆ ಹೆಚ್ಚಿದೆ ಎಂಬುದು ನಿಜ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ ನೋಂದಾಯಿತ ಯೋಜನೆಯ ಫ್ಲ್ಯಾಟ್ ಮಾರಿಸುವ ಏಜೆಂಟರೂ ನೋಂದಣಿ ಮಾಡಿಸಿಕೊಳ್ಳಬೇಕು, ಪ್ರತಿ ಮಾರಾಟದಲ್ಲಿ ಆ ಸಂಖ್ಯೆ ನಮೂದಿಸಬೇಕು, ಲೆಕ್ಕಪುಸ್ತಕ ಇಡಬೇಕು, ಕೊಳ್ಳುವವರಿಗೆ ಸಲ್ಲಬೇಕಾದ ದಾಖಲೆಗಳು ಸಿಗುವಂತೆ ನೋಡಿಕೊಳ್ಳಬೇಕು. ನೋಂದಣಿಯಿಲ್ಲದೆ ಈ ಕೆಲಸ ಮಾಡಿದರೆ ದಿನಕ್ಕೆ 10,000 ರೂಪಾಯಿಯಂತೆ, ಒಟ್ಟು ಬೆಲೆಯ ಶೇ 5ರವರೆಗೆ ದಂಡ. ಈ ಕಚೇರಿಯ ನೋಂದಣಿ ಸಂಖ್ಯೆ ಗೋಡೆಯ ಮೇಲೂ ರಸೀದಿಯ ಮೇಲೂ ಇದೆ. ಕ್ರಯ ಕರಾರು ನೋಂದಣಿಯಾಗದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಕೊಡಬೇಡಿ ಎಂದು ಬಿಲ್ಡರ್‌ನ ಮಾರಾಟದವರ ಎದುರಿಗೇ ಮುಖ್ಯಸ್ಥರು ಹೇಳಿದ್ದೂ ಉಂಟು. ಖಾಸಗಿಯವರ ಹಳೆಯ ಮನೆ, ತೋಟಗಳ ಮಾರಾಟಕ್ಕೆ ರೇರಾ ಬರುವುದಿಲ್ಲ. ನಮ್ಮ ನೀರುಮಾರ್ಗದಂಥ ವ್ಯವಹಾರದಲ್ಲಿ ಆ ಒಂದು ಹಾಳೆಯ ಕರಾರೇ ಗತಿಯಾದ್ದರಿಂದ ಅದರ ಪ್ರತಿ ಸಾಲನ್ನೂ ಓದಬೇಕು. ಫ್ಲ್ಯಾಟನ್ನು ನಾವು ಕೊನೆಗೆ ಬೇರೊಬ್ಬರ ಮೂಲಕ ಕಾಪಿಕಾಡ್ ಬಳಿ ಕೊಂಡೆವು. ಅದಕ್ಕೆ ಈ ಕಚೇರಿಯವರು ಪಾಲು ಕೇಳಲಿಲ್ಲ, ಮುಖ ಊದಿಸಿಕೊಳ್ಳಲೂ ಇಲ್ಲ.

ಸಣ್ಣಪುಟ್ಟ ವಿಷಯಗಳು: ಹಣ ಪಡೆದಾಗಲೆಲ್ಲ ಜಿಎಸ್‌ಟಿ ರಸೀದಿ ಕೊಡುತ್ತಾರೆ, ನಗದು ಕೇಳುವುದಿಲ್ಲ. ಟೋಕನ್ ಹಣವನ್ನು ತಮ್ಮ ಖಾತೆಯಲ್ಲಿ ಇಟ್ಟುಕೊಳ್ಳದೆ ನೇರವಾಗಿ ಮಾರುವವರ ಖಾತೆಗೇ ಹಾಕಿಸುತ್ತಾರೆ. ತಮ್ಮ ಪರಿಚಯದ ವಕೀಲರನ್ನು ಸೂಚಿಸುತ್ತಾರಾದರೂ ಒತ್ತಾಯವಿಲ್ಲ. ನಾವು ನಮ್ಮವರನ್ನೇ ಇಟ್ಟುಕೊಂಡೆವು. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದ್ದರೂ ಅವರು ಕೊಡುವ ಖರ್ಚಿನ ಅಂದಾಜು ಪಟ್ಟಿಯಲ್ಲಿ ಹಳೆಯ ದರವೇ ಅಚ್ಚಾಗಿದೆ, ಕೊಳ್ಳುವವರು ಆ ಪಟ್ಟಿಯನ್ನು ನೆಚ್ಚಿ ಸಾಲದ ಲೆಕ್ಕ ಹಾಕಬಾರದು. ಬಾಡಿಗೆ ಮನೆ ಬೇಕಾದವರು ಇಲ್ಲಿಗೆ ಹೋಗಿ ಪ್ರಯೋಜನವಿಲ್ಲ, ಆ ವಿಭಾಗ ಅವರಲ್ಲಿ ಹೆಸರಿಗೆ ಮಾತ್ರ ಇದೆ. ವರ್ಗ, ಕುಮ್ಕಿ, ಮೂಲಗೇಣಿ (ಶಾಶ್ವತ ಗೇಣಿ) ಎಂದು ಗೋಜಲಿರುವ ಹಳೆಯ ಕುಟುಂಬದ ಆಸ್ತಿ ಮಾರುವವರಿಗೆ ನಾನು ಈ ಕಚೇರಿಯನ್ನೇ ಹೇಳುತ್ತೇನೆ, ಆಫರ್‌ಗಳ ಕುರಿತ ಆ ಎರಡು ಸಾಲುಗಳನ್ನು ಮೊದಲೇ ಬರೆಸಿಕೊಳ್ಳುವ ಷರತ್ತಿನ ಮೇಲೆ. ಜಾಗ ತೋರಿಸುವ ಕೆಲಸವನ್ನು ಮಳೆಗಾಲ ಮುಗಿದ ಮೇಲೆ ಇಟ್ಟುಕೊಳ್ಳಿ. ಜೂನ್, ಜುಲೈಗಳಲ್ಲಿ ಅವರು ಗಡಿಕಲ್ಲು ಹುಡುಕಲು ಬರುವುದಿಲ್ಲ.